ಬಾಯಲ್ಲಿ ಕರಗುವ ಓಲಾಂಜಪಿನ್ ಬಗ್ಗೆ ಅನುಭವ ಇದ್ದವರು ಹೇಳಿ

ದಾವಣಗೆರೆ ಅಕ್ಕ:
ನನ್ನ ತಮ್ಮನಿಗೆ 26 ವರ್ಷ, ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ವಿನಾಕಾರಣ ಅನುಮಾನ ಹುಟ್ಟಿಸುವ ಮಾನಸಿಕ ಕಾಯಿಲೆ) ಇದೆ. ರಾತ್ರಿ ಓಲಾಂಜಪಿನ್ 10 ಎಂಜಿ. ದಿನಾ ನನ್ನೆದುರೇ ನುಂಗುತ್ತಾನೆ ಅಂದುಕೊಂಡಿದ್ದೆ. ದಿಂಬಿನ ಕವರ್ ಒಗೆಯಲು ತೆಗೆದರೆ ಮೂಲೆಯಲ್ಲಿ 11 ಮಾತ್ರೆ! ಕೆನ್ನೆಯಲ್ಲಿ ಇಟ್ಟುಕೊಂಡು ಆಮೇಲೆ ಉಗುಳುತ್ತಿದ್ದನಂತೆ. ಡಾಕ್ಟರು ಈಗ ಅದೇ ಔಷಧಿ, ಬಾಯಲ್ಲಿ ಕರಗುವ ಮಾತ್ರೆ ಬರೆದಿದ್ದಾರೆ.

ಮೊದಲ ದಿನವೇ ಎಡವಟ್ಟು. ಪಾತ್ರೆ ತೊಳೆಯುತ್ತಿದ್ದವಳು ಹಾಗೇ ಬಂದು ಸ್ಟ್ರಿಪ್ ಒತ್ತಿದೆ. ಮಾತ್ರೆ ಪುಡಿಯಾಗಿ ಅರ್ಧ ನನ್ನ ಬೆರಳಿಗೇ ಅಂಟಿತು. ಇನ್ನೊಂದು ಕೊಡಬೇಕಿತ್ತಾ? ಕರಗುತ್ತದೆ ಅಂದರೆ ಪವರ್ ಜಾಸ್ತಿ ಅಂತ ಅಮ್ಮನಿಗೆ ಭಯ. ತಮ್ಮ ಬೆಳಿಗ್ಗೆ 10ಕ್ಕೂ ಏಳುವುದಿಲ್ಲ. ಅಮ್ಮ ಇನ್ನೊಂದು ಮಾತು ಹೇಳುತ್ತಾರೆ, ಸುಮ್ನೆ ಹಾಲಿಗೆ ಹಾಕಿ ಕೊಡು, ಅವನಿಗೆ ಗೊತ್ತಾಗಲ್ಲ ಅಂತ.

ಮೆಡಿಕಲ್ ಶಾಪ್ ಅಣ್ಣ:
ಅಕ್ಕ, ಒತ್ತಬಾರದು. ಹಿಂದಿನ ಹಾಳೆ ಸುಲಿದು ತೆಗೆಯಬೇಕು, ಒಣ ಕೈಯಲ್ಲಿ. ತೆಗೆದ ತಕ್ಷಣ ನಾಲಿಗೆ ಮೇಲೆ. ನಾಳೆಗೆ ಅಂತ ಬಿಡಿಸಿ ಡಬ್ಬಿಯಲ್ಲಿ ಇಡಬೇಡಿ, ನಮ್ಮ ಮಳೆಗಾಲದ ಗಾಳಿಗೇ ಮೆತ್ತಗಾಗುತ್ತದೆ. ಎಷ್ಟು ಒಳಗೆ ಹೋಯಿತು ಗೊತ್ತಿಲ್ಲದಾಗ ಇನ್ನೊಂದು ಪೂರ್ತಿ ಕೊಡದೆ ಡಾಕ್ಟರಿಗೆ ಫೋನ್ ಮಾಡಿ.

ಪವರ್ ಎರಡಕ್ಕೂ ಒಂದೇ. ಬಾಯಲ್ಲಿ ಕರಗುತ್ತದೆ ಅಷ್ಟೇ, ರಕ್ತಕ್ಕೆ ಸೇರುವುದು ಎಂಜಲಿನ ಜೊತೆ ಹೊಟ್ಟೆಗೆ ಹೋದ ಮೇಲೆಯೇ. ಹಾಲಿನಲ್ಲೋ ನೀರಿನಲ್ಲೋ ಕದಡಿ ಆಗಲೇ ಕುಡಿಸಬಹುದು, ಆದರೆ ಅವನಿಗೆ ಹೇಳಿ. ಕದ್ದು ಹಾಕಿದ್ದು ಒಂದು ದಿನ ಗೊತ್ತಾದರೆ ಆಮೇಲೆ ನೀವು ಕೊಟ್ಟ ಅನ್ನವನ್ನೂ ನಂಬುವುದಿಲ್ಲ.

ಆರು ವರ್ಷದಿಂದ ನುಂಗುವವನು:
ಇದೇ ಔಷಧಿ ತಿನ್ನುವವನು ನಾನು, ಅದಕ್ಕೇ ಬರೆಯುತ್ತಿದ್ದೇನೆ. ರಾತ್ರಿ ಎಷ್ಟಕ್ಕೆ ಕೊಡುತ್ತೀರಿ? ನಾನು 11ಕ್ಕೆ ತಗೊಳ್ತಿದ್ದೆ. ರಕ್ತದಲ್ಲಿ ಇದು ಏರಿ ತುದಿ ಮುಟ್ಟಲು ಸುಮಾರು 6 ಗಂಟೆ ಬೇಕು. ಅಂದರೆ ಊರು ಏಳುವ ಹೊತ್ತಿಗೆ ನನಗೆ ನಡುರಾತ್ರಿ! ಡಾಕ್ಟರನ್ನು ಕೇಳಿ 8ಕ್ಕೆ ಬದಲಾಯಿಸಿಕೊಂಡೆ, ಈಗ 7ಕ್ಕೆ ಏಳುತ್ತೇನೆ. ಏಳುವಾಗ ಮಂಚದ ಮೇಲೆ ಸ್ವಲ್ಪ ಕೂತು ಏಳಲಿ, ಬಿಪಿ ಇಳಿದು ತಲೆ ಸುತ್ತುತ್ತದೆ.

ಹಸಿವು ಮಾತ್ರ ರಾಕ್ಷಸ ಹಸಿವು. ಊಟ ಮಾಡಿ ಅರ್ಧ ಗಂಟೆಗೆ ಮತ್ತೆ ಅಡುಗೆಮನೆಯಲ್ಲಿ ನಿಂತಿರುತ್ತಿದ್ದೆ. ಮೊದಲ ವರ್ಷ 14 ಕೆಜಿ ಏರಿದೆ. ಬಯ್ಯಬೇಡಿ ಅವನಿಗೆ, ಅದು ಹೊಟ್ಟೆಬಾಕತನ ಅಲ್ಲ. ತೂಕ, ಶುಗರ್, ಕೊಲೆಸ್ಟ್ರಾಲ್ ಈಗಲೇ ಒಮ್ಮೆ ನೋಡಿಸಿ, 3 ತಿಂಗಳಿಗೆ ಮತ್ತೆ.

ಬೀಡಿ ಸಿಗರೇಟು ಸೇದುತ್ತಾನಾ? ಹೊಗೆಯಿಂದ ದೇಹ ಈ ಔಷಧಿಯನ್ನು ಬೇಗ ಒಡೆದು ಹೊರಹಾಕುತ್ತದೆ. ಸೇದುವುದನ್ನು ದಿಢೀರ್ ಬಿಟ್ಟರೆ ಅದೇ 10 ಎಂಜಿ ಜಾಸ್ತಿಯಾಗಿ ಮಂಕು ಹಿಡಿಯುತ್ತದೆ. ಬಿಡುವುದು ಒಳ್ಳೆಯದೇ, ಡಾಕ್ಟರಿಗೆ ಹೇಳಿ ಬಿಡಲಿ.

ಮೆಡಿಕಲ್ ಶಾಪ್ ಅಣ್ಣ:
ಒಂದು ಬಿಟ್ಟುಹೋಯಿತು. ಜೋರು ಜ್ವರ, ಮೈ ಕಟ್ಟಿಗೆ ಹಾಗೆ ಬಿಗಿಯುವುದು, ಗೊಂದಲ ಒಟ್ಟಿಗೆ ಬಂದರೆ ಕಾಯಬೇಡಿ, ನೇರ ಆಸ್ಪತ್ರೆ. ಅಪರೂಪ, ಆದರೆ ಅಪಾಯ. ಮಧ್ಯರಾತ್ರಿ ಯಾರನ್ನಾದರೂ ಕೇಳಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ.

ದಾವಣಗೆರೆ ಅಕ್ಕ:
ಬೀಡಿ ಸೇದುತ್ತಾನೆ, ದಿನಕ್ಕೆ ಒಂದು ಕಟ್ಟು. ಡಾಕ್ಟರು ಕೇಳಿದಾಗ ಅಮ್ಮ ಇಲ್ಲ ಅಂದುಬಿಟ್ಟಿದ್ದರು, ಮರ್ಯಾದೆಗೆ. ಸೋಮವಾರ ಹೋದಾಗ ನಾನೇ ಹೇಳುತ್ತೇನೆ, ಹೊತ್ತು ಬದಲಾಯಿಸುವುದನ್ನೂ ಕೇಳುತ್ತೇನೆ.

ನಿನ್ನೆ ರಾತ್ರಿ ಸ್ಟ್ರಿಪ್ ಅವನ ಕೈಗೇ ಕೊಟ್ಟೆ. ಪಂಚೆಗೆ ಕೈ ಒರೆಸಿಕೊಂಡು ನಿಧಾನವಾಗಿ ಹಾಳೆ ಸುಲಿದ, ನನಗಿಂತ ನೀಟಾಗಿ. ನಾಲಿಗೆ ಮೇಲಿಟ್ಟುಕೊಂಡು, "ಅಕ್ಕಾ, ಸಿಹಿ ಇದೆ" ಅಂದ.