ಅಜ್ಜಿ ಮನೆ ಗುಂಪಲ್ಲಿ ದೀಪದ ಎಣ್ಣೆ

ಗುಬ್ಬಿ ತಾಲ್ಲೂಕಿನ ನಮ್ಮ ಅಜ್ಜಿ ಮನೆ ಹೆಸರಲ್ಲೊಂದು ವಾಟ್ಸಾಪ್ ಗುಂಪಿದೆ. ಅಡ್ಮಿನ್ ನಾನು. ಅಡ್ಮಿನ್ ಅಂದ್ರೆ ಎರಡೂ ಕಡೆಯಿಂದ ಬೈಸಿಕೊಳ್ಳೋ ಕೆಲಸ. ಹೋದ ಭಾನುವಾರದ್ದನ್ನ ಹೆಸರು ಬದಲಾಯಿಸಿ ಹಾಕ್ತಿದ್ದೀನಿ, ಮಾತು ಹಂಗೇ ಇವೆ.

ಬೆಳಗ್ಗೆ 6:10ಕ್ಕೆ, ಎರಡು ಬಾಣದ ಗುರುತಿನ ಸಮೇತ:

ದೊಡ್ಡಪ್ಪ: ಓದದೆ ಡಿಲೀಟ್ ಮಾಡಬೇಡಿ!! ಕೊರೊನಾ ಕಾಲದ ಆನ್‌ಲೈನ್ ತರಗತಿ ಸಮಯದಲ್ಲಿ ಯಾರ ಮನೆಯಲ್ಲಿ ದಿನವೂ ದೀಪ ಹಚ್ಚಿ ಎಲ್ಲರೂ ಕುಳಿತು ಪ್ರಾರ್ಥನೆ ಮಾಡುತ್ತಿದ್ದರೋ ಆ ಮಕ್ಕಳೇ ಇಂದು ಮುಂದೆ ಬಂದಿದ್ದಾರೆಂದು ಯುನೆಸ್ಕೋ ಒಪ್ಪಿಕೊಂಡಿದೆ. ನಮ್ಮ ಹಿರಿಯರು ದಡ್ಡರಲ್ಲ...

(ಇನ್ನೂ ಇತ್ತು. ‘ಇನ್ನಷ್ಟು ಓದಿ’ ಅಂತ ಮೂರು ಸಲ ಒತ್ತಬೇಕಾಯ್ತು.)

ಮಂಜಣ್ಣ: ಸತ್ಯವಾದ ಮಾತು ದೊಡ್ಡಪ್ಪ

(ಇದೂ 6:10ಕ್ಕೇ.)

ಸುಧಾ: ಯುನೆಸ್ಕೋ ಎಲ್ಲಿ ಹೇಳಿದೆ ದೊಡ್ಡಪ್ಪ? ಲಿಂಕ್ ಇದ್ರೆ ಹಾಕಿ. ನಮ್ಮ ರಾಷ್ಟ್ರಗೀತೆ ಪ್ರಪಂಚಕ್ಕೇ ಬೆಸ್ಟ್ ಅಂತ ಯುನೆಸ್ಕೋ ಹೇಳ್ತು ಅಂತಾನೂ ನೀವೇ ಕಳಿಸಿದ್ರಿ. ಅದೂ ಸುಳ್ಳೇ.

ದೊಡ್ಡಪ್ಪ: ಎಲ್ಲದಕ್ಕೂ ಲಿಂಕ್ ಬೇಕೇನಮ್ಮಾ? ನಿಮ್ಮಜ್ಜಿ ಯಾವ ಲಿಂಕ್ ನೋಡಿ ದೀಪ ಹಚ್ತಿದ್ರು? 34 ವರ್ಷ ಮೇಷ್ಟ್ರಾಗಿದ್ದೋನು ಹೇಳ್ತಿದ್ದೀನಿ. ಮನೇಲಿ ಸಂಸ್ಕಾರ ಇದ್ರೆ ಮಗು ತಾನಾಗೇ ಓದುತ್ತೆ. ನಮ್ಮ ಚಿರಂತ್‌ನೇ ನೋಡು, ಇಸ್ಕೂಲೇ ಇಲ್ಲದ ವರ್ಷ ಎಸ್ಸೆಸ್ಸೆಲ್ಸಿ ಪಾಸು.

ಸುಧಾ: ಅದು 2021 ದೊಡ್ಡಪ್ಪ. ಜುಲೈ 19 ಮತ್ತು 22, ಎರಡೇ ದಿನ ಪರೀಕ್ಷೆ, ಉತ್ತರ ಬರೆಯೋದೇ ಇಲ್ಲ, ಓಎಂಆರ್ ಹಾಳೇಲಿ ಗುಂಡಗೆ ತುಂಬೋದು. ಯಾರನ್ನೂ ಫೇಲ್ ಮಾಡಲ್ಲ ಅಂತ ಸರ್ಕಾರ ಮೊದಲೇ ಹೇಳಿತ್ತು. ಎಂಟು ಲಕ್ಷ ಚಿಲ್ಲರೆ ಮಕ್ಕಳಲ್ಲಿ ಒಬ್ಬರನ್ನ ಬಿಟ್ಟು ಎಲ್ರೂ ಪಾಸು.

ದೊಡ್ಡಮ್ಮ: ಆ ಒಬ್ರ ಮನೇಲಿ ದೀಪ ಹಚ್ತಿರ್ಲಿಲ್ಲ ಅನ್ಸುತ್ತೆ

(ದೊಡ್ಡಮ್ಮ ತಮಾಷೆಗೆ ಹೇಳಿದ್ದಲ್ಲ.)

ಗಿರಿಜತ್ತೆ: ಸಂಸ್ಕಾರದ ಮಾತು ಬಂತು ಅಂತ ಹೇಳ್ತೀನಿ ಅಣ್ಣ, ಬೇಜಾರಾಗ್ಬೇಡ. ಚಿರಂತ್‌ಗೆ ಟ್ಯಾಬ್ ಇತ್ತು. ನಮ್ಮನೇಲಿ ಇದ್ದದ್ದು ಒಂದೇ ಫೋನು, ಅದೂ ಇವ್ರ ಜೇಬಲ್ಲಿ ಯಾರ್ಡಿಗೆ ಹೋಗ್ತಿತ್ತು. ಚಂದನದಲ್ಲಿ ಬರೋ ಸೇತುಬಂಧ ಪಾಠ ನೋಡೋಕೆ ಅಂತ ಪವಿನ ನಿಮ್ಮನೆಗೆ ಕಳಿಸಿದ್ರೆ ನೀನು ನ್ಯೂಸ್ ತೆಗೀಲೇ ಇಲ್ಲ. ಮಗು ಒಂದು ವಾರ ಬಂದು ಬಂದು ವಾಪಸ್ ಹೋಯ್ತು.

ದೊಡ್ಡಪ್ಪ: ಜಿಲ್ಲೇಲಿ ಎಷ್ಟು ಕೇಸು ಅಂತ ತಿಳ್ಕೊಳ್ಳೋದು ಬೇಡ್ವಾ? ಪ್ರಾಣದ ವಿಷ್ಯ.

ಗಿರಿಜತ್ತೆ: ಅರ್ಧ ಗಂಟೆಗೊಂದ್ಸಲ ಬದಲಾಗ್ತಿತ್ತಾ?

ದೊಡ್ಡಮ್ಮ: ಬಂದಾಗೆಲ್ಲ ಕಾಫಿ ಕೊಟ್ಟಿದೀನಿ ಗಿರಿಜಾ. ಅದನ್ನೂ ಹೇಳು.

ಮಂಜಣ್ಣ: ಪ್ರಾರ್ಥನೆ ಅಂದ್ರೆ ಸಿದ್ಧಗಂಗೆ ಕಣ್ರಪ್ಪ. ನಾನು ಮಠದಲ್ಲಿ ಓದ್ತಿದ್ದಾಗ ಸಂಜೆ ಬಯಲಲ್ಲಿ ಸಾವಿರಾರು ಹುಡುಗ್ರು ಸಾಲಾಗಿ ಕೂರ್ತಿದ್ವಿ. ಬುದ್ಧಿಯೋರು ಬಂದ್ರೆ ಒಂದು ಸದ್ದಿಲ್ಲ. ಪಕ್ಕದಲ್ಲಿ ಕೂತೋನಿಗೆ ಜ್ವರ ಬಂದಿದ್ರೆ ಗೊತ್ತಾಗ್ತಿತ್ತು, ಮೊಣಕೈ ತಾಕಿದ್ರೆ ಬಿಸಿ. 2019 ಜನವರಿ 21, ಶಿವೈಕ್ಯರಾದಾಗ 111 ವರ್ಷ. ಅವತ್ತು ನಾನು ಅಂಗಡಿ ತೆಗೀಲಿಲ್ಲ.

ಮಂಜಣ್ಣ: ಊರಿಂದ ಅಪ್ಪ ನೋಡೋಕೆ ಬಂದ್ರೆ ಕ್ಯಾತ್ಸಂದ್ರಕ್ಕೆ ಕರ್ಕೊಂಡೋಗಿ ತಟ್ಟೆ ಇಡ್ಲಿ. ಮೇಲೆ ಬೆಣ್ಣೆ.

ರವಿ: ಈಗ ತಟ್ಟೆ ಸಣ್ಣ ಮಾಡವ್ರೆ ಅಣ್ಣ

(ಇಲ್ಲಿ ಇಡ್ಲಿ ಮೇಲೆ ಹದಿನಾಲ್ಕು ಮೆಸೇಜು. ಬಿಟ್ಟಿದ್ದೀನಿ.)

ಸುಧಾ: ದೊಡ್ಡಪ್ಪ, ಕಳಿಸಿದ್ದನ್ನ ಕೊನೇವರೆಗೂ ಓದಿದ್ರಾ? ಕೆಳಗೆ ದೀಪದ ಎಣ್ಣೆ ಜಾಹೀರಾತಿದೆ. ಫೋನ್ ನಂಬರ್ ಸಮೇತ.

ರವಿ: ಲೀಟರ್ ಎಷ್ಟಂತೆ?

ಇಷ್ಟು ಹೊತ್ತೂ ನಾಗರತ್ನ ಚಿಕ್ಕಮ್ಮ ಸುಮ್ಮನಿದ್ರು. ಶಿರಾ ಕಡೆ ಸರ್ಕಾರಿ ಶಾಲೆ ಮೇಡಂ. ಗುಂಪಲ್ಲಿ ಮಾತಾಡೋದೇ ಕಮ್ಮಿ, ಹುಟ್ಟಿದಹಬ್ಬಕ್ಕೆ ಒಂದು ಹೂವು ಹಾಕಿದ್ರೆ ಹೆಚ್ಚು.

ನಾಗರತ್ನ ಚಿಕ್ಕಮ್ಮ: 2020 ಆಗಸ್ಟಲ್ಲಿ ವಿದ್ಯಾಗಮ ಶುರುವಾದಾಗ, ಶಾಲೆ ಮುಚ್ಚಿದ್ದಕ್ಕೆ ಮಕ್ಕಳಿದ್ದ ಕಡೆಗೇ ಹೋಗಿ ಪಾಠ ಮಾಡಬೇಕಿತ್ತಲ್ಲ, ನಾವು ಪಾಠ ಮಾಡಿದ್ದು ಮಾರಮ್ಮನ ಗುಡಿ ಜಗಲೀಲಿ. ನನ್ನ ಗುಂಪಿನ 19 ಮಕ್ಕಳಲ್ಲಿ ದೊಡ್ಡ ಫೋನಿದ್ದ ಮನೆ ನಾಲ್ಕು. ಕಂಬಕ್ಕೊಂದು ಮಗು ಕೂರಿಸ್ತಿದ್ದೆ, ದೂರ ಇರ್ಲಿ ಅಂತ. ಹಲಗೆ ಇರ್ಲಿಲ್ಲ, ಪೂಜಾರಪ್ಪ ನೆಲ ತೊಳೆದು ಕೊಟ್ರೆ ಸೀಮೆಸುಣ್ಣದಲ್ಲಿ ಅಲ್ಲೇ ಭಾಗಾಕಾರ. ಮಂಗಳಾರತಿ ಹೊತ್ತಿಗೆ ಲೆಕ್ಕ ಅಳಿಸಿ ಜಾಗ ಬಿಡ್ಬೇಕು. ಒಂದಿನ ಒಂದು ಹುಡುಗಿ, ಮಿಸ್ ಶೇಷ ಉಳಿದಿದೆ ಅಂತ ಅಲ್ಲೇ ಕೂತ್ಲು. ಪೂಜಾರಪ್ಪ ಕಾದ್ರು, ಲೆಕ್ಕ ಮುಗಿದ ಮೇಲೇ ಗಂಟೆ ಹೊಡೆದದ್ದು. ಅಕ್ಟೋಬರಲ್ಲಿ ಅದನ್ನೂ ನಿಲ್ಲಿಸಿದ್ರು. ಆಮೇಲೆ ಆ ಹುಡುಗಿ ಕುರಿ ಹಿಂದೆ ಹೋದ್ಲು, ಮತ್ತೆ ಶಾಲೆಗೆ ಕರ್ಕೊಂಡ್ಬರೋಕೆ ನಾಲ್ಕು ಸಲ ಅವ್ರ ಮನೆಗೆ ಹೋದೆ.

ದೊಡ್ಡಪ್ಪ: ತುಂಬಾ ಒಳ್ಳೆಯ ಸಂದೇಶ. ಎಲ್ಲಿಂದ ಬಂತಮ್ಮ ಈ ಫಾರ್ವರ್ಡು?

(ಚಿಕ್ಕಮ್ಮ ಉತ್ತರ ಕೊಡ್ಲಿಲ್ಲ. ನಾನಾಗಿದ್ರೂ ಕೊಡ್ತಿರ್ಲಿಲ್ಲ.)

ಮಂಜಣ್ಣ: ನಮ್ಮೂರ ಮಾರಮ್ಮನ ಜಾತ್ರೆ ಈ ಸಲ ಯಾವಾಗ?

ಸುಧಾ: ದೊಡ್ಡಪ್ಪ ಅದು ಫಾರ್ವರ್ಡ್ ಅಲ್ಲ, ಚಿಕ್ಕಮ್ಮನೇ ಬರೆದದ್ದು!

ದೊಡ್ಡಪ್ಪ: ನೀನು ಎಲ್ಲದರಲ್ಲೂ ತಪ್ಪು ಹುಡುಕ್ತೀಯಾ. ನಿಮ್ಮಪ್ಪನೂ ಹಿಂಗೇ, ಜಮೀನು ಭಾಗದ ದಿನ ಕೂಡ.

(ಜಮೀನು ಬಂತು ಅಂದ್ರೆ ಮಧ್ಯಾಹ್ನದವರೆಗೂ ನಡೆಯುತ್ತೆ. ನಾನು ‘ದಯವಿಟ್ಟು ವಿಷಯಕ್ಕೆ ಬನ್ನಿ’ ಅಂತ ಹಾಕ್ದೆ. ಯಾರೂ ಬರ್ಲಿಲ್ಲ. ಆಗ ಬಂದದ್ದು ಪವಿತ್ರಾ, ಈಗ ಬಿ.ಕಾಂ. ಓದ್ತಾಳೆ, ಗುಂಪಿಗೆ ಸೇರಿ ಎರಡು ತಿಂಗಳಾಗಿಲ್ಲ.)

ಪವಿ: ಮಾವ, ನಮ್ಮ ಕ್ಲಾಸಲ್ಲೂ ದಿನಾ ಆನ್‌ಲೈನ್ ಪ್ರಾರ್ಥನೆ ಇತ್ತು. ಅಪ್ಪ ಫೋನ್ ಬಿಟ್ಟುಹೋದ ದಿನ ಸೇರ್ತಿದ್ದೆ. ಮೂವತ್ತು ಜನ ಒಟ್ಟಿಗೆ ಹಾಡಿದ್ರೆ ಒಬ್ರು ಮೊದಲ ಸಾಲಲ್ಲಿ, ಒಬ್ರು ಮೂರನೇದ್ರಲ್ಲಿ, ಯಾರ ಮನೇಲೋ ಕುಕ್ಕರ್ ಕೂಗ್ತಿತ್ತು. ಮಿಸ್ ತಲೆ ಚಚ್ಕೊಂಡು ಎಲ್ರೂ ಮ್ಯೂಟ್ ಮಾಡಿ ಮನಸ್ಸಲ್ಲೇ ಹೇಳ್ಕೊಳ್ಳಿ ಅಂದ್ರು. ನಾನು ಮ್ಯೂಟ್ ಮಾಡಿ, ಕ್ಯಾಮೆರಾ ಗೋಡೆ ಕಡೆ ತಿರುಗಿಸಿ ಮುದ್ದೆ ತಿರುವ್ತಿದ್ದೆ.

ದೊಡ್ಡಮ್ಮ: ಹತ್ತನೇ ಕ್ಲಾಸ್ ಹುಡುಗಿ ಕೈಲಿ ಮುದ್ದೆ ತಿರುವಿಸ್ತಿದ್ಳಾ ನಿಮ್ಮಮ್ಮ? ಗಿರಿಜಾ, ನೀನೆಲ್ಲಿಗೆ ಹೋಗಿದ್ದೆ ಆಗ?

ಗಿರಿಜತ್ತೆ ಟೈಪ್ ಮಾಡ್ತಿದ್ದಾರೆ...