ಎಂಜಿಬಿಯ ಎರಡು ಎಸ್‌ಯು ಕಾರ್ಬುರೇಟರ್ ಹೊಂದಿಕೊಳ್ಳುತ್ತಲೇ ಇಲ್ಲ, ಏನು ಮಾಡಲಿ?

ಕಾವೆಂಟ್ರಿ ಕನ್ನಡಿಗ:
ನಮಸ್ಕಾರ. ಹೋದ ವರ್ಷ ಇಲ್ಲಿ ಇಂಗ್ಲೆಂಡಿನಲ್ಲಿ 1967ರ ಎಂಜಿಬಿ ಸ್ಪೋರ್ಟ್ಸ್ ಕಾರ್ ತಗೊಂಡೆ. 1798 ಸಿಸಿ, ನಾಲ್ಕು ಸಿಲಿಂಡರ್, ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡೋಕೆ ಎರಡು ಎಸ್‌ಯು ಎಚ್‌ಎಸ್4 ಕಾರ್ಬುರೇಟರ್, ಮುಂದಿನ ಎರಡು ಸಿಲಿಂಡರ್ ಕಡೆಗೆ ಒಂದು, ಹಿಂದಿನ ಎರಡರ ಕಡೆಗೆ ಒಂದು. ರಸ್ತೆಯಲ್ಲಿ ಪರವಾಗಿಲ್ಲ, ಸಿಗ್ನಲ್‌ನಲ್ಲಿ ನಿಂತರೆ ಗಡಗಡ ನಡುಗಿ ಆಫ್ ಆಗುತ್ತದೆ. ಪ್ಲಗ್ ಬಿಚ್ಚಿದರೆ ಮುಂದಿನ ಎರಡು ಕಾಡಿಗೆ ಬಳಿದ ಹಾಗಿವೆ, ಹಿಂದಿನವು ಚೆನ್ನಾಗೇ ಇವೆ. ಮೂರು ಭಾನುವಾರದಿಂದ ಪೆಟ್ರೋಲ್ ಪ್ರಮಾಣ ಹೊಂದಿಸೋ ಜೆಟ್ ನಟ್ ತಿರುಗಿಸುತ್ತಾ ಕೂತಿದ್ದೇನೆ. ಎರಡನ್ನೂ ಕಿತ್ತು ಒಂದೇ ವೆಬರ್ ಕಾರ್ಬುರೇಟರ್ ಹಾಕಿಬಿಡಲಾ?

ಹಳೇ ಸ್ಪ್ಯಾನರ್:
ವೆಬರ್ ಯಾಕೆ ಸರ್, ಪಾಪ ಅವೇನು ಮಾಡಿದವು! ಮೊದಲು ನಟ್ ಮೇಲಿಂದ ಕೈ ತೆಗೀರಿ. ಎಂಜಿನ್ ತಣ್ಣಗಿದ್ದಾಗ ಟ್ಯಾಪೆಟ್ (ವಾಲ್ವ್) ಸಂದು 15 ಥೌ, ಅಂದರೆ ಇಂಚಿನ ಸಾವಿರದಲ್ಲಿ 15 ಭಾಗ ಇದೆಯಾ, ಪ್ಲಗ್‌ಗೆ ಕಿಡಿ ಕೊಡಿಸೋ ಪಾಯಿಂಟ್ ಮತ್ತು ಕಿಡಿಯ ಟೈಮಿಂಗ್ ಸರಿಯಿದೆಯಾ ನೋಡಿ. ಇದು ಬಿಟ್ಟು ಕಾರ್ಬುರೇಟರ್ ಮುಟ್ಟಿದರೆ ಸುಮ್ನೆ ಟೈಮ್ ವೇಸ್ಟ್.

ಆಮೇಲೆ ಎಂಜಿನ್ ಬಿಸಿ ಮಾಡಿ, ಏರ್ ಫಿಲ್ಟರ್ ತೆಗೆದು, ಎರಡನ್ನೂ ಜೋಡಿಸೋ ರಾಡ್‌ನ ಕ್ಲಾಂಪ್ ಸಡಿಲ ಮಾಡಿ. ಇದನ್ನು ಮರೆತರೆ ಒಂದರ ಐಡಲ್ ಸ್ಕ್ರೂ (ಗಾಡಿ ನಿಂತಾಗಿನ ಎಂಜಿನ್ ಸ್ಪೀಡ್ ಹೊಂದಿಸೋದು) ತಿರುಗಿಸಿದಾಗ ಇನ್ನೊಂದೂ ಅಲ್ಲಾಡುತ್ತದೆ, ನಿಮಗೆ ಆಗಿರೋದು ಇದೇ ಇರಬಹುದು. ರಬ್ಬರ್ ಟ್ಯೂಬಿನ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರ್ ಬಾಯಿಗೆ. ಎರಡರಲ್ಲೂ ಒಂದೇ ಜಾಗದಲ್ಲಿ ಹಿಡೀಬೇಕು. ಎರಡೂ ಕಡೆ ಒಂದೇ ಥರ ಸುಯ್ ಅನ್ನೋವರೆಗೆ ಐಡಲ್ ಸ್ಕ್ರೂ ತಿರುಗಿಸಿ.

ಮಿಕ್ಸ್ಚರ್, ಅಂದರೆ ಪೆಟ್ರೋಲ್-ಗಾಳಿ ಹದ, ಕೊನೆಗೆ. ಕಾರ್ಬುರೇಟರ್ ಪಕ್ಕದ ಪಿನ್ ಒತ್ತಿ ಅದರೊಳಗಿನ ಪಿಸ್ಟನ್ ಒಂದು ಮಿಲಿಮೀಟರ್‌ಗಿಂತ ಕಡಿಮೆ ಎತ್ತಿ. ಎಂಜಿನ್ ಸ್ಪೀಡ್ ಏರಿ ಅಲ್ಲೇ ನಿಂತರೆ ಪೆಟ್ರೋಲ್ ಜಾಸ್ತಿ, ತಕ್ಷಣ ಕುಸಿದರೆ ಕಡಿಮೆ. ಚೂರು ಏರಿ ಇಳಿದರೆ ಸರಿ. ಜೆಟ್ ನಟ್ ತಿರುಗಿಸೋದು ಒಂದು ಸಲಕ್ಕೆ ಅದರ ಆರು ಮುಖದಲ್ಲಿ ಒಂದೇ ಮುಖ, ಪೂರ್ತಿ ಸುತ್ತಲ್ಲ!

ಕುಡ್ಲದ ಅಂಬಾಸಿಡರ್:
ಮಾರಾಯ್ರೇ, ನಮ್ಮ ಅಪ್ಪನ ಹಳೇ ಅಂಬಾಸಿಡರ್‌ನ 1489 ಸಿಸಿ ಎಂಜಿನ್ ಕೂಡ ನಿಮ್ಮ ಬಿ ಸೀರೀಸ್ ಮನೆತನದ್ದೇ, ಅದಕ್ಕೇ ಬಾಯಿ ಹಾಕ್ತಿದ್ದೇನೆ. ಮುಂದಿನ ಎರಡೇ ಕಪ್ಪು ಅಂದ್ರಲ್ಲ, ಚೋಕ್ ನೋಡಿದ್ರಾ? ಎಸ್‌ಯುನಲ್ಲಿ ಚೋಕ್ ಎಳೆದರೆ ಜೆಟ್ಟೇ ಕೆಳಗಿಳಿದು ಪೆಟ್ರೋಲ್ ಜಾಸ್ತಿ ಬರುತ್ತದೆ. ಬಿಟ್ಟಾಗ ಒಂದು ಮೇಲೆ ಹೋಗಿ ಇನ್ನೊಂದು ಅಲ್ಲೇ ಸಿಕ್ಕಿಕೊಂಡರೆ ನೀವು ನಟ್ ಎಷ್ಟು ತಿರುಗಿಸಿದರೂ ಅಷ್ಟೇ. ಚೋಕ್ ಒಳಗೆ ತಳ್ಳಿ, ಕೆಳಗಿಂದ ಬೆರಳಲ್ಲಿ ಜೆಟ್ ಒತ್ತಿ ನೋಡಿ.

ಕಾವೆಂಟ್ರಿ ಕನ್ನಡಿಗ:
ಗುರುಗಳೇ, ಅದೇ! ಮುಂದಿನ ಜೆಟ್ ಒತ್ತಿದೆ, ಟಕ್ ಅಂತ ಎರಡು ಮಿಲಿಮೀಟರ್ ಮೇಲೆ ಹೋಯ್ತು. ಪೆಟ್ರೋಲ್ ತುಂಬಿರೋ ಫ್ಲೋಟ್ ಬೌಲ್‌ನಿಂದ ಬರೋ ನೈಲಾನ್ ಪೈಪ್ ತಿರುಚಿಕೊಂಡು ಜೆಟ್ಟನ್ನು ಪಕ್ಕಕ್ಕೆ ಎಳೀತಿತ್ತು. ಬಿಚ್ಚಿ ನೆಟ್ಟಗೆ ಕೂರಿಸಿದೆ. ಆಫ್ ಆಗೋದು ನಿಂತಿದೆ, ನಡುಕ ಸ್ವಲ್ಪ ಉಳಿದಿದೆ.

ಹಳೇ ಸ್ಪ್ಯಾನರ್:
ಉಳಿದೇ ಇರುತ್ತೆ, ಮೂರು ಭಾನುವಾರ ತಿರುಗಿಸಿದ್ದೀರಲ್ಲ. ಎರಡೂ ನಟ್ ಪೂರ್ತಿ ಮೇಲೆ ಮಾಡಿ, ಅಲ್ಲಿಂದ 12 ಮುಖ, ಅಂದರೆ ಎರಡು ಸುತ್ತು ಕೆಳಗಿಳಿಸಿ. ಮತ್ತೆ ಟ್ಯೂಬ್ ಕಿವಿಗೆ.