‘ಕೆಮ್‌ಸೆಕ್ಸ್’: ‘ಚಟ’, ‘ವ್ಯಸನ’ ಬಿಟ್ಟು ಬೇರೆ ಮಾತು ಬೇಕಾಗಿದೆ

ಎಲ್ಲರಿಗೂ ನಮಸ್ಕಾರ.

ಗಂಡಸರ ಜೊತೆ ಮಲಗುವ ಗಂಡಸರಿಗಾಗಿ ಕನ್ನಡದಲ್ಲಿ ಒಂದು ಆರೋಗ್ಯ ಕೈಪಿಡಿ ಬರೆಯುತ್ತಿದ್ದೇನೆ. ಎಚ್‌ಐವಿ ಪರೀಕ್ಷೆಗೆ ಬಂದವರು ಆಪ್ತಸಮಾಲೋಚಕರ ಕೋಣೆಯ ಹೊರಗೆ ಕಾದು ಕೂತಿರುವಾಗ ಓದಲಿ ಎಂಬುದು ಉದ್ದೇಶ. ಕೆಲವು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ, ನಿಮ್ಮ ನೆರವು ಬೇಕು.

ಮೊದಲನೆಯದು ‘ಕೆಮ್‌ಸೆಕ್ಸ್’. ಲಂಡನ್ನಿನ ಸಲಿಂಗಿ ಗಂಡಸರ ನಡುವೆ ಓಡಾಡುತ್ತಿದ್ದ ಮಾತು ಇದು. ಅಲ್ಲಿನ ಸೋಹೊದ 56 ಡೀನ್ ಸ್ಟ್ರೀಟ್ ಕ್ಲಿನಿಕ್ಕಿನಲ್ಲಿ ಕೆಲಸ ಮಾಡಿದ ಡೇವಿಡ್ ಸ್ಟುವರ್ಟ್ ಇದನ್ನು ವೈದ್ಯರ ಬಾಯಿಗೂ ತಂದರು. ಕುಡಿದು ಮಲಗಿದ್ದಕ್ಕೆಲ್ಲ ಈ ಹೆಸರಿಲ್ಲ. ಮುಖ್ಯವಾಗಿ ಕ್ರಿಸ್ಟಲ್ ಮೆತ್, ಮೆಫೆಡ್ರೋನ್, ಜಿಎಚ್‌ಬಿ ಅಥವಾ ಜಿಬಿಎಲ್ ಎಂಬ ಮಾದಕ ವಸ್ತುಗಳನ್ನು ಸಂಭೋಗಕ್ಕೆಂದೇ ತೆಗೆದುಕೊಳ್ಳುವುದಕ್ಕೆ ಹಾಗನ್ನುತ್ತಾರೆ. ನಮ್ಮಲ್ಲಿ ಆ್ಯಪುಗಳಲ್ಲಿ ಮಾತಾಡಿಕೊಳ್ಳುವವರು ‘ಹೈ ಫನ್’ ಅಂತಲೂ ಅನ್ನುತ್ತಾರೆ.

ಪತ್ರಿಕೆಗಳ ಕನ್ನಡದಲ್ಲಿ ಇದಕ್ಕೆ ಸಿಗುವುದು ‘ದುಶ್ಚಟ’ ಮತ್ತು ‘ಮಾದಕ ವ್ಯಸನ’. ಚಟ ಎಂದರೆ ನಡತೆಯ ಬಗ್ಗೆ ಆಗಲೇ ತೀರ್ಪು ಬಂದಾಯಿತು. ವ್ಯಸನದ ಬೆನ್ನಿಗೆ ಸಪ್ತವ್ಯಸನಗಳಿವೆ, ಅಲ್ಲಿ ಕುಡಿತ ಕೂತಿರುವುದು ಜೂಜು, ಕಳ್ಳತನ, ಪರಸ್ತ್ರೀಸಂಗದ ಸಾಲಿನಲ್ಲಿ. (‘ಕೇಳಿ ಬಹಳ ವ್ಯಸನವಾಯಿತು’ ಎಂದು ದುಃಖಕ್ಕೂ ಹಿರಿಯರು ಬಳಸುತ್ತಾರೆ, ಆ ಮಾತು ಬೇರೆ.) ‘ಕಾಮಿ’ ಎಂಬ ಬಾಲ ಅಂಟಿಸಿಕೊಂಡ ‘ಸಲಿಂಗಕಾಮಿ’ಯ ಪಕ್ಕ ‘ವ್ಯಸನಿ’ಯನ್ನೂ ಇಟ್ಟರೆ ಓದುವವನು ತಲೆ ಎತ್ತುವುದು ಹೇಗೆ?

ನನಗೆ ಇದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿದೆ. ವ್ಯಸನ ಎಂದರೆ ಬಿಡಲಾರದ ಸ್ಥಿತಿ. ಯಾವಾಗಲೋ ಒಮ್ಮೆ ತೆಗೆದುಕೊಳ್ಳುವ ಹುಡುಗ ‘ನಾನೇನು ವ್ಯಸನಿಯಲ್ಲವಲ್ಲ’ ಎಂದುಕೊಂಡು ಪುಟ ತಿರುವಿಬಿಡುತ್ತಾನೆ. ಆ ಪುಟ ಇರುವುದೇ ಅವನಿಗಾಗಿ. ಜಿಎಚ್‌ಬಿಯಲ್ಲಿ ಅಮಲೇರಿಸುವ ಅಳತೆಗೂ ಪ್ರಜ್ಞೆ ತಪ್ಪಿಸುವ ಅಳತೆಗೂ ಅಂತರ ಬಹಳ ಕಡಿಮೆ. ಜೊತೆಗೆ ಎಣ್ಣೆ ಹಾಕಿದ್ದರೆ ಉಸಿರೇ ನಿಲ್ಲಬಹುದು. ಪಾಪರ್ಸ್ (ಅಮಲಿಗಾಗಿ ಮೂಸುವ ನೈಟ್ರೈಟ್ ದ್ರವ) ಮೂಸಿದವನು ವಯಾಗ್ರದಂಥ ಮಾತ್ರೆಯನ್ನೂ ನುಂಗಿದ್ದರೆ ರಕ್ತದೊತ್ತಡ ಒಮ್ಮೆಲೇ ಕುಸಿಯುತ್ತದೆ. ಇದೆಲ್ಲ ಮೊದಲನೇ ಸಲವೇ ಆಗಬಹುದಾದದ್ದು.

‘ನಶೆಕೂಟ’ ಎಂಬ ಸಲಹೆ ಬಂದಿದೆ. ಕೂಟಕ್ಕೆ ಮಿಲನದ ಅರ್ಥವೂ ಇದೆ, ಔತಣಕೂಟದಲ್ಲಿರುವ ಹಾಗೆ ಜನ ಸೇರುವ ಅರ್ಥವೂ ಇದೆ, ಕಿವಿಗೂ ಹಿತ. ಆದರೆ ಓದಿದವನಿಗೆ ರೇವ್ ಪಾರ್ಟಿ ನೆನಪಾದೀತು. ಇಬ್ಬರೇ ಒಂದು ಕೋಣೆಯಲ್ಲಿರುವುದು ಅದರಲ್ಲಿ ಕಾಣುವುದಿಲ್ಲ. ‘ಕೆಮ್‌ಸೆಕ್ಸ್’ ಅನ್ನೇ ಉಳಿಸಿ, ಮೊದಲ ಸಲ ಬಂದಲ್ಲಿ ‘ಮತ್ತೇರಿಸಿಕೊಂಡು ಮಲಗುವುದು’ ಎಂದು ಬಿಡಿಸಿ ಹೇಳುವುದರ ಕಡೆಗೇ ನನ್ನ ಒಲವು. ಹಾಗೆಯೇ ‘ವ್ಯಸನಿಗಳು’ ಎನ್ನುವಲ್ಲೆಲ್ಲ ‘ತಗೊಳ್ಳುವವರು’. ಇದು ತೀರಾ ಆಡುಮಾತಾಯಿತು ಎನ್ನುವವರು ದಯವಿಟ್ಟು ಕಾರಣ ಕೊಡಿ.

ಎರಡನೆಯದು ‘ಹೆಪಟೈಟಿಸ್ ಸಿ’, ಯಕೃತ್ತಿಗೆ ತಗುಲುವ ಒಂದು ವೈರಸ್ ಸೋಂಕು. ಇದನ್ನು ‘ಕಾಮಾಲೆ’ ಎನ್ನುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಸಿರಿಂಜು ಹಂಚಿಕೊಂಡಾಗ ಇದು ಸುಲಭವಾಗಿ ದಾಟುತ್ತದೆ. ಪುಡಿಯನ್ನು ಮೂಗಿಗೆ ಎಳೆಯಲು ಸುತ್ತಿದ ನೋಟನ್ನು ಒಬ್ಬರಿಂದೊಬ್ಬರು ಇಸಿದುಕೊಂಡರೂ ಅಪಾಯವಿದೆ. ಸೋಂಕು ತಗುಲಿದ ಬಹಳಷ್ಟು ಜನರ ಕಣ್ಣು ಹಳದಿಯಾಗುವುದೇ ಇಲ್ಲ. ಕಾಮಾಲೆ ಎಂದು ಬರೆದರೆ ಓದುವವನು ಕನ್ನಡಿಯಲ್ಲಿ ಕಣ್ಣು ನೋಡಿಕೊಂಡು, ಬೆಳ್ಳಗಿದೆ ಎಂದು ಸುಮ್ಮನಾಗುತ್ತಾನೆ. ಇಲ್ಲವೇ ನಾಟಿ ಔಷಧಿಗೆ ಹೋಗುತ್ತಾನೆ. ಕೆಲವು ವಾರಗಳ ಮಾತ್ರೆಯಲ್ಲಿ ಪೂರ್ತಿ ವಾಸಿಯಾಗುವ ಕಾಯಿಲೆ ಇದು, ಗೊತ್ತಾಗದೆ ಯಕೃತ್ತನ್ನು ತಿಂದುಹಾಕುವುದು ನೋಡಿದರೆ ಸಂಕಟವಾಗುತ್ತದೆ.

ಇನ್ನು ‘ಪ್ರೆಪ್’ ಮತ್ತು ‘ಪೆಪ್’. ಎಚ್‌ಐವಿ ಬಾರದಂತೆ ಮುಂಚೆಯೇ ತೆಗೆದುಕೊಳ್ಳುವ ಮಾತ್ರೆ ಪ್ರೆಪ್. ಅಪಾಯದ ಸಂಪರ್ಕ ಆದ ಮೇಲೆ 72 ಗಂಟೆಯೊಳಗೆ ಶುರುಮಾಡಿ 28 ದಿನ ತೆಗೆದುಕೊಳ್ಳುವುದು ಪೆಪ್. ಕನ್ನಡ ಲಿಪಿಯಲ್ಲಿ ಇವೆರಡರ ನಡುವೆ ಇರುವುದು ಒಂದೇ ಒಂದು ಒತ್ತು, ಸಣ್ಣ ಅಕ್ಷರದಲ್ಲಿ ಅದು ಕಾಣುವುದೇ ಇಲ್ಲ. ‘ಮುಂಚಿನ ಮಾತ್ರೆ’, ‘ಆಮೇಲಿನ ಮಾತ್ರೆ’ ಎನ್ನೋಣವೆಂದರೆ ಎರಡನೆಯದು ಗರ್ಭನಿರೋಧಕದ ಹಾಗೆ ಕೇಳಿಸುತ್ತದೆ. ಸದ್ಯಕ್ಕೆ ‘72 ಗಂಟೆಯ ಮಾತ್ರೆ’ ಎಂದು ಬರೆದಿದ್ದೇನೆ, ಗಡುವು ಹೆಸರಿನಲ್ಲೇ ಇರಲಿ ಎಂದು.

‘ದ್ವಿಲಿಂಗಿ’ಯನ್ನೂ ಒಮ್ಮೆ ನೋಡಿ. ಜೀವಶಾಸ್ತ್ರದ ಪಾಠದಲ್ಲಿ ದ್ವಿಲಿಂಗಿ ಹೂವು ಎಂದರೆ ಗಂಡು ಹೆಣ್ಣು ಭಾಗಗಳೆರಡೂ ಇರುವ ಹೂವು. ಮದುವೆಯಾಗಿ ಮಕ್ಕಳಿದ್ದು ಗಂಡಸರನ್ನೂ ಬಯಸುವವನು ಆ ಪದ ತನ್ನದೆಂದು ಒಪ್ಪುವುದಿಲ್ಲ. ‘ಗಂಡು ಹೆಣ್ಣು ಇಬ್ಬರ ಜೊತೆಗೂ ಮಲಗುವವರು’ ಎಂದು ಉದ್ದಕ್ಕೇ ಬರೆದಿದ್ದೇನೆ.

ಕೊನೆಯದು ನಿಜಕ್ಕೂ ನನಗೆ ಬಗೆಹರಿದಿಲ್ಲ. ಗನೋರಿಯಾ, ಕ್ಲಮೀಡಿಯಾ ಎಂಬ ಲೈಂಗಿಕ ಸೋಂಕುಗಳು ಗಂಟಲಲ್ಲೂ ಗುದದಲ್ಲೂ ಸದ್ದಿಲ್ಲದೆ ಕೂತಿರುತ್ತವೆ, ಮೂತ್ರ ಪರೀಕ್ಷೆಯಲ್ಲಿ ಸಿಗುವುದಿಲ್ಲ. ಹಾಗಾಗಿ ‘ಅಲ್ಲಿಂದಲೂ ಮಾದರಿ ತೆಗೆಯಿರಿ’ ಎಂದು ಪರೀಕ್ಷೆಗೆ ಬಂದವನೇ ಬಾಯಿಬಿಟ್ಟು ಕೇಳಬೇಕಾಗುತ್ತದೆ. ‘ಗುದ’ ಪುಸ್ತಕದ ಮಾತು, ‘ತಿಕ’ ಎಂದರೆ ಬೈಗುಳವಾಗುತ್ತದೆ, ‘ಹಿಂದುಗಡೆ’ ಎಂದರೆ ಡಾಕ್ಟರು ಬೆನ್ನು ನೋಡುತ್ತಾರೆ. ಹುಬ್ಬಳ್ಳಿ, ಮಂಗಳೂರು, ಚಾಮರಾಜನಗರದ ಕಡೆಯವರು ಹೇಳಿ: ನಿಮ್ಮಲ್ಲಿ ಒಬ್ಬ ಗಂಡಸು ನಾಚದೆ, ಬೈದಂತಾಗದೆ ನರ್ಸಮ್ಮನ ಮುಂದೆ ಇದನ್ನು ಯಾವ ಮಾತಿನಲ್ಲಿ ಹೇಳಬಲ್ಲ?